ಬಿಸಿಲ ನಾಡಿನಲ್ಲಿ ಬೆಳಕಿನ ಬರ

ಬಳ್ಳಾರಿಯವರಿಗೆ ವರ್ಷದಲ್ಲಿ ಎರಡೇ ಋತುಗಳು, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಪರಸ್ಥಳದವರು ಹಾಸ್ಯ ಮಾಡುವುದುಂಟು. ಈ ಮಾತಿನಲ್ಲಿ ಅತಿಶಯೋಕ್ತಿ ಇದ್ದರೂ ತೀರ ಅಸತ್ಯವೇನೂ ಇಲ್ಲ. ಏಕಶಿಲೆಯ ಗುಡ್ಡದ ಮೇಲಿನ ಕೋಟೆ ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟಿದರೆ ಅದು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ಇಂಥ ಊರಿನಲ್ಲಿ ಬಿಸಿಲಿಗೆ ಬೆಲೆಯಿದೆಯೆಂದು ಐವತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಇಂದು ಆ ಮಾತನ್ನು ನಗೆಯಾಡುವಂತಿಲ್ಲ.

ಬಳ್ಳಾರಿ ಜಿಲ್ಲೆಯ ಸ್ಥಿತಿ ವಿಚಿತ್ರವಾದದ್ದು. ನಾಡಿನ ಅತಿದೊಡ್ಡ ವಿದ್ಯುದಾಗಾರಗಳಲ್ಲಿ ಒಂದು ಇದೇ ಜಿಲ್ಲೆಯ ನೆಲದ ಮೇಲೆ ನಿಂತಿದೆ. ಅದರಿಂದ ಹೊರಟ ತಂತಿಗಳು ಹೊಲಗಳನ್ನೂ ಊರುಗಳನ್ನೂ ದಾಟಿ ದೂರದ ನಗರಗಳಿಗೆ ಬೆಳಕನ್ನೊಯ್ಯುತ್ತವೆ. ಆ ತಂತಿಗಳ ನೆರಳಿನಲ್ಲೇ ಸಿರುಗುಪ್ಪದ ರೈತನು ತನ್ನ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಯಾವ ಹೊತ್ತಿಗೆ ಬರುವುದೋ ಎಂದು ಕಾಯಬೇಕಾದ ದಿನಗಳು ಬಂದಿವೆ. ಈ ವೈಪರೀತ್ಯಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಅಣೆಕಟ್ಟು ತಂದ ಭಾಗ್ಯ

ಹಳೆಯ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಕಥೆ ಬಹು ಬೇಗನೆ ಆರಂಭವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬಳ್ಳಾರಿಯಾದರೋ ಆಗ ಮದರಾಸು ಪ್ರಾಂತಕ್ಕೆ ಸೇರಿದ ಬರಪೀಡಿತ ಜಿಲ್ಲೆ. ಅದರ ಭಾಗ್ಯದ ಬಾಗಿಲು ತೆರೆಯಲು ತುಂಗಭದ್ರೆಯೇ ಬೇಕಾಯಿತು. ೧೯೪೫ರ ಫೆಬ್ರವರಿ ೨೮ರಂದು ನದಿಯ ಒಂದು ದಡದಲ್ಲಿ ಮದರಾಸು ಸರ್ಕಾರದವರೂ ಇನ್ನೊಂದು ದಡದಲ್ಲಿ ಹೈದರಾಬಾದ್ ಸಂಸ್ಥಾನದವರೂ ಅಣೆಕಟ್ಟಿಗೆ ಶಂಕುಸ್ಥಾಪನೆ ನೆರವೇರಿಸಿದರು. ೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯವನ್ನು ಸೇರಿತು. ನೀರೂ ನಾಡೂ ಒಂದೇ ವರ್ಷದಲ್ಲಿ ದೊರೆತ ಜಿಲ್ಲೆ ಇದು.

ಸಿರುಗುಪ್ಪ ಸೀಮೆಗೆ ನದಿಯ ನೀರು ಹೊಸತೇನಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು, ಕಂಪ್ಲಿಯ ಕಾಲುವೆಗಳೂ ಸೇರಿವೆ. ಆದರೆ ಕುರುಗೋಡು, ಸಿರುಗುಪ್ಪಗಳ ಎರೆನೆಲದಲ್ಲಿ ಸಾವಿರಾರು ಎಕರೆಗಳಿಗೆ ಬತ್ತದ ಹಸುರನ್ನು ಹಾಸಿದ್ದು ತುಂಗಭದ್ರೆಯ ಬಲದಂಡೆಯ ಕೆಳಮಟ್ಟದ ಕಾಲುವೆ. ಜೋಳ, ಹತ್ತಿ, ನವಣೆಗಳ ನಾಡು ಸೋನಾ ಮಸೂರಿಯ ನಾಡಾಯಿತು. ಊರೂರಿಗೆ ಅಕ್ಕಿ ಗಿರಣಿಗಳು ಎದ್ದವು.

ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರ, ಕಾಲುವೆಯ ಮೇಲೆ ಹಂಪಿಯ ಬಳಿ ಇನ್ನೊಂದು. ಇವೆರಡೂ ಸೇರಿ ೭೨ ಮೆಗಾವ್ಯಾಟ್ ಶಕ್ತಿಯವು. ಇದರಲ್ಲಿ ಐದನೆಯ ಒಂದು ಪಾಲು ಕರ್ನಾಟಕಕ್ಕೆ, ಉಳಿದದ್ದು ಆಂಧ್ರಕ್ಕೆ. ಎಡದಂಡೆಯಲ್ಲಿ ಮುನಿರಾಬಾದಿನ ವಿದ್ಯುದಾಗಾರವೊಂದಿದೆ. ಕಟ್ಟಿದ ಕಾಲಕ್ಕೆ ಇವು ಮಹಾಸಾಧನೆಗಳೇ. ಆದರೆ ಕಾಲುವೆಗೆ ನೀರು ಬಿಟ್ಟಾಗ ಮಾತ್ರ ಇಲ್ಲಿಯ ಚಕ್ರಗಳು ತಿರುಗುತ್ತವೆ. ಅದೂ ಅಲ್ಲದೆ ಜಲಾಶಯದಲ್ಲಿ ವರ್ಷ ವರ್ಷವೂ ಹೂಳು ತುಂಬುತ್ತ ಬಂದಿದೆ. ಮೊದಲು ಸುಮಾರು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು ೧೦೫ ಟಿ.ಎಂ.ಸಿ. ಮಾತ್ರ.

ಕುಡಿತಿನಿಯ ಕಲ್ಲಿದ್ದಲು

ಜನಸಂಖ್ಯೆ ಬೆಳೆಯಿತು, ಕಾರ್ಖಾನೆಗಳು ಬೆಳೆದವು, ಪಂಪ್‌ಸೆಟ್ಟುಗಳು ಲಕ್ಷಗಟ್ಟಲೆ ಬೆಳೆದವು. ಬೀಳುವ ನೀರಿನಿಂದ ಮಾತ್ರ ನಾಡಿನ ಅಗತ್ಯ ತೀರದೆಂದಾದಾಗ ಕಲ್ಲಿದ್ದಲಿನ ಮೊರೆಹೊಕ್ಕೆವು. ರಾಯಚೂರಿನ ಬಳಿ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕ ನಡೆಯತೊಡಗಿತು. ಅನಂತರ ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡಿತಿನಿಯ ಬಳಿ, ಬಳ್ಳಾರಿ ಶಾಖೋತ್ಪನ್ನ ಕೇಂದ್ರ ಎದ್ದಿತು. ೨೦೦೭ರಲ್ಲಿ ೫೦೦ ಮೆಗಾವ್ಯಾಟಿನ ಒಂದು ಘಟಕ, ೨೦೧೨ರಲ್ಲಿ ಅಷ್ಟೇ ದೊಡ್ಡ ಇನ್ನೊಂದು, ೨೦೧೬ರಲ್ಲಿ ೭೦೦ ಮೆಗಾವ್ಯಾಟಿನ ಮೂರನೆಯದು. ಒಟ್ಟು ೧,೭೦೦ ಮೆಗಾವ್ಯಾಟ್. ತುಂಗಭದ್ರೆಯ ಬಲದಂಡೆಯ ಎರಡು ವಿದ್ಯುದಾಗಾರಗಳ ಇಪ್ಪತ್ತಮೂರು ಪಟ್ಟಿಗಿಂತ ಹೆಚ್ಚು!

ಇಷ್ಟು ದೊಡ್ಡ ಒಲೆಗೆ ಉರುವಲು ಎಷ್ಟು ಬೇಕೆಂದು ಗೃಹಿಣಿಯರು ಕೇಳಬಹುದು. ಲೆಕ್ಕ ಸುಲಭವಾಗಿದೆ. ಒಂದು ಯೂನಿಟ್ಟಿಗೆ ಸುಮಾರು ಮುಕ್ಕಾಲು ಕಿಲೋಗ್ರಾಮಿಗೆ ತುಸು ಕಡಿಮೆ ಕಲ್ಲಿದ್ದಲು ಬೇಕು. ಮೂರು ಘಟಕಗಳೂ ಹಗಲಿರುಳು ಪೂರ್ಣಶಕ್ತಿಯಿಂದ ನಡೆದರೆ ದಿನಕ್ಕೆ ನಾಲ್ಕು ಕೋಟಿಗೂ ಮೀರಿದ ಯೂನಿಟ್ಟುಗಳಾಗುತ್ತವೆ. ಸುಡುವ ಕಲ್ಲಿದ್ದಲು ಸುಮಾರು ೨೫ ಸಾವಿರ ಟನ್ನು. ಎಂದರೆ ದಿನವೂ ಆರೇಳು ಗೂಡ್ಸ್ ರೈಲುಗಳು ಬಂದು ಬರಿದಾಗಿ ಹೋಗಬೇಕು. ಈ ಕಲ್ಲಿದ್ದಲು ಬಳ್ಳಾರಿಯ ನೆಲದ್ದಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ಒಡಿಶಾಗಳ ಗಣಿಗಳಿಂದ ನೂರಾರು ಮೈಲಿ ಸಾಗಿ ಬರತಕ್ಕದ್ದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೇ ಇರುವುದರಿಂದ, ಬೆಳಕು ಬೆಂಗಳೂರಿಗೆ ಹೋದರೂ ಬೂದಿ ಬಳ್ಳಾರಿಯಲ್ಲೇ ಉಳಿಯುತ್ತದೆ.

ಅಷ್ಟಾದರೂ ಈ ಮೂಲವು ನಂಬಿಕೆಗೆ ಅರ್ಹವಾಗಿದೆಯೇ? ೨೦೨೧ರ ಅಕ್ಟೋಬರಿನಲ್ಲಿ ದೇಶದಾದ್ಯಂತ ಕಲ್ಲಿದ್ದಲಿನ ಅಭಾವ ತಲೆದೋರಿದಾಗ, ದೂರದ ಗಣಿಯನ್ನೂ ರೈಲನ್ನೂ ನೆಚ್ಚಿದ ವಿದ್ಯುದಾಗಾರದ ಪಾಡೇನೆಂಬುದು ಎಲ್ಲರಿಗೂ ಗೋಚರವಾಯಿತು.

ಬರದ ವರ್ಷದ ಪಾಠ

ಕೊರತೆಯ ನಿಜವಾದ ಪೆಟ್ಟು ಬಿದ್ದದ್ದು ೨೦೨೩ರಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ಮಳೆ ಇಲ್ಲದ್ದರಿಂದ ಜಲವಿದ್ಯುತ್ತು ಕುಗ್ಗಿತು. ಅದೇ ಕಾರಣದಿಂದ, ಸಾಮಾನ್ಯವಾಗಿ ಮಳೆಗಾಲದಲ್ಲಿ ವಿಶ್ರಮಿಸುವ ಪಂಪುಗಳೆಲ್ಲ ಒಮ್ಮೆಲೇ ನಡೆಯತೊಡಗಿ ಬೇಡಿಕೆ ಬೇಸಿಗೆಯ ಮಟ್ಟಕ್ಕೆ ಏರಿತು. ಆದಾಯ ಕಡಿಮೆಯಾದ ತಿಂಗಳಿನಲ್ಲೇ ಮನೆಗೆ ನೆಂಟರು ಬಂದಂತಾಯಿತು ಈ ಸ್ಥಿತಿ. ರಾಜ್ಯ ಸರ್ಕಾರವು ವಿದ್ಯುತ್ ಕಾಯಿದೆಯ ೧೧ನೆಯ ಕಲಮನ್ನು ಬಳಸಿ, ರಾಜ್ಯದಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಖಾಸಗಿಯವರೂ ಅದನ್ನು ರಾಜ್ಯಕ್ಕೇ ಕೊಡಬೇಕೆಂದು ಆಜ್ಞೆ ಮಾಡಿತು. ಪಂಜಾಬ್, ಉತ್ತರ ಪ್ರದೇಶಗಳಿಂದ ವಿನಿಮಯದ ಏರ್ಪಾಟಿನ ಮೇಲೆ ವಿದ್ಯುತ್ತನ್ನು ತರಿಸಲಾಯಿತು.

ಆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸಿರುಗುಪ್ಪದ ಬತ್ತಕ್ಕೆ ತೆನೆ ಕಟ್ಟುವ ಕಾಲ. ಬತ್ತದ ಬೆಳೆಯು ಗರ್ಭ ಕಟ್ಟಿದ ಹೊತ್ತಿನಲ್ಲಿ ಹತ್ತು ದಿನ ನೀರು ತಪ್ಪಿದರೆ ಮೂರು ತಿಂಗಳ ದುಡಿಮೆ ಜೊಳ್ಳಾಗುತ್ತದೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ನದಿ, ಹಗರಿ, ಹಳ್ಳಗಳಿಂದ ಪಂಪಿನಲ್ಲಿ ಎತ್ತಿದ ನೀರೇ ಅನೇಕರಿಗೆ ಆಧಾರ. ಪಂಪಿಗೆ ದಿನಕ್ಕೆ ಐದು ಗಂಟೆ ವಿದ್ಯುತ್ತೆಂದರೆ ಸಾಲದೆಂದು ರೈತರು ಬೀದಿಗಿಳಿದರು. ಕೊನೆಗೆ ಬತ್ತ ಬೆಳೆಯುವ ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಿಗೆ ಏಳು ಗಂಟೆಗಳ ಕಾಲ ಕೊಡುವುದಾಗಿ ಸರ್ಕಾರ ಒಪ್ಪಿತು. ಎರಡು ಗಂಟೆಗಳ ಅಂತರ ಪಟ್ಟಣಿಗರಿಗೆ ಅಲ್ಪವಾಗಿ ಕಾಣಬಹುದು. ಸಾಲ ತಂದು ನಾಟಿ ಮಾಡಿದ ಕುಟುಂಬಕ್ಕೆ ಅದು ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಬ್ಯಾಂಕಿನ ಬಡ್ಡಿ ಎಲ್ಲವೂ ಹೌದು.

ಮರುವರ್ಷ ಜಲಾಶಯ ತುಂಬಿತು; ಆದರೆ ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ತೂಬುಗೇಟು ಕಳಚಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಹಲಗೆಗೇಟು ಇಳಿಸಿ ಒಂದು ವಾರದೊಳಗೆ ಅನಾಹುತವನ್ನು ತಡೆದರು. ಆದರೂ ಅಪಾರ ನೀರು ನದಿಯ ಪಾಲಾಯಿತು. ಒಂದೇ ಜಲಾಶಯವನ್ನು ನೆಚ್ಚಿದ ಸೀಮೆಯ ಬದುಕು ಎಷ್ಟು ತೆಳುವಾದ ದಾರದಲ್ಲಿ ತೂಗುತ್ತಿದೆಯೆಂಬುದನ್ನು ಆ ವಾರ ತೋರಿಸಿಕೊಟ್ಟಿತು.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಆಫ್ರಿಕಾ ಖಂಡದ ಜಾಂಬಿಯಾ ದೇಶವನ್ನು ನೋಡಿ. ಜಾಂಬೆಜಿ ನದಿಗೆ ೧೯೫೯ರಲ್ಲಿ ಕಟ್ಟಿ ಮುಗಿಸಿದ ಕರೀಬಾ ಅಣೆಕಟ್ಟು ನಮ್ಮ ತುಂಗಭದ್ರೆಯ ಸಮವಯಸ್ಕ. ಆ ದೇಶದ ವಿದ್ಯುತ್ತಿನ ಬಹುಪಾಲು ನೀರಿನಿಂದಲೇ ಬರುತ್ತಿತ್ತು. ೨೦೨೪ರಲ್ಲಿ ಭೀಕರ ಬರ ಬಿದ್ದು ಸರ್ಕಾರ ರಾಷ್ಟ್ರೀಯ ವಿಪತ್ತನ್ನು ಘೋಷಿಸಿತು, ಜಲಾಶಯ ತಳಕಂಡಿತು, ರಾಜಧಾನಿ ಲುಸಾಕದಲ್ಲಿ ಸಹ ದಿನದ ಬಹುಹೊತ್ತು ವಿದ್ಯುತ್ತಿಲ್ಲದಂತಾಯಿತು. ಹಿಟ್ಟಿನ ಗಿರಣಿಗಳೂ ಕ್ಷೌರದಂಗಡಿಗಳೂ ನಿಂತವು. ಆಗ ಅಲ್ಲಿಯ ಜನರು ಸರ್ಕಾರದ ದಾರಿ ಕಾಯದೆ, ಕೈಲಾದವರೆಲ್ಲ ಸೌರಫಲಕಗಳನ್ನು ಕೊಳ್ಳತೊಡಗಿದರು. ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಸುಮಾರು ೬೦ ಕೋಟಿ ಜನರ ಮನೆಗಳಿಗೆ ವಿದ್ಯುತ್ತು ಇಂದಿಗೂ ತಲುಪಿಲ್ಲ. ನಮ್ಮಲ್ಲಿ ತಂತಿ ಮನೆಯವರೆಗೆ ಬಂದಿದೆ. ಆದರೆ ತಂತಿಯಲ್ಲಿ ಬೇಕಾದ ಹೊತ್ತಿಗೆ ವಿದ್ಯುತ್ತಿರುವುದೇ ಎಂಬ ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ.

ಬಿಸಿಲು ಬೇರೆ, ಬಿಸಿ ಬೇರೆ

ಹಾಗಾದರೆ ಬಳ್ಳಾರಿಯಲ್ಲಿ ಧಾರಾಳವಾಗಿರುವ ಬಿಸಿಲು ನಮಗೆ ಏನು ಮಾಡಿಕೊಟ್ಟೀತು? ಮೊದಲು ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಊರು ಎಷ್ಟು ಬಿಸಿಯೋ ಅಷ್ಟು ಹೆಚ್ಚು ವಿದ್ಯುತ್ತು ಎಂದು ಅನೇಕರು ಎಣಿಸುತ್ತಾರೆ. ಸೌರಫಲಕಕ್ಕೆ ಬೇಕಾದದ್ದು ಬೆಳಕು. ಶಾಖ ಅದರ ಶತ್ರು. ೨೫ ಡಿಗ್ರಿಗಿಂತ ಮೇಲೆ ಫಲಕದ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಅದರ ಶಕ್ತಿ ನೂರಕ್ಕೆ ಅರೆಪಾಲಿಗಿಂತ ತುಸು ಕಡಿಮೆ ಪ್ರಮಾಣದಲ್ಲಿ ಕುಂದುತ್ತದೆ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯ ಮಾಳಿಗೆಯ ಮೇಲೆ ಫಲಕವು ೬೫ ಡಿಗ್ರಿಯವರೆಗೆ ಕಾದರೆ ನೂರಕ್ಕೆ ಹದಿನೈದರಷ್ಟು ಉತ್ಪತ್ತಿ ಹೋಯಿತೆಂದೇ ತಿಳಿಯಬೇಕು. ಗಣಿಯ ಕೆಂಧೂಳು ಮೇಲೆ ಕುಳಿತರೆ ಮತ್ತಷ್ಟು ಖೋತಾ. ಆದ್ದರಿಂದ ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡುವುದು, ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒರೆಸುವುದು ಇಲ್ಲಿ ಅತ್ಯಗತ್ಯ. ಇಷ್ಟೆಲ್ಲ ಕಳೆದ ಮೇಲೂ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ದೊರೆಯುತ್ತದೆ. ವರ್ಷದಲ್ಲಿ ಮೋಡದ ದಿನಗಳು ಕಡಿಮೆಯಿರುವ ಈ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ.

ದೊಡ್ಡ ಪ್ರಮಾಣದಲ್ಲಿ ಇದನ್ನು ಸಾಧಿಸಿದ ಉದಾಹರಣೆ ನೆರೆಯಲ್ಲೇ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩ ಸಾವಿರ ಎಕರೆಗಳಲ್ಲಿ ೨,೦೫೦ ಮೆಗಾವ್ಯಾಟಿನ ಸೌರ ಉದ್ಯಾನ ೨೦೧೯ರ ಹೊತ್ತಿಗೆ ಪೂರ್ಣವಾಯಿತು. ಅಲ್ಲಿಯ ವಿಶೇಷವೆಂದರೆ ರೈತರ ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ೨೧ ಸಾವಿರ ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆಯೊಡನೆ ಗುತ್ತಿಗೆಗೆ ಪಡೆದರು. ಜಮೀನಿನ ಒಡೆತನ ರೈತನದಾಗಿಯೇ ಉಳಿಯಿತು. ಇದರಲ್ಲಿ ಕೊರತೆಯೂ ಇಲ್ಲದಿಲ್ಲ. ಜಮೀನಿದ್ದವನಿಗೆ ಗುತ್ತಿಗೆಯ ಹಣ ಬಂದರೂ, ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕೆಲಸ ತಪ್ಪಿತು.

ಬಳ್ಳಾರಿಯವರು ಈ ವಿಚಾರದಲ್ಲಿ ಎಚ್ಚರದಿಂದಿರುವುದಕ್ಕೆ ಕಾರಣವಿದೆ. ಕುಡಿತಿನಿಯ ಸುತ್ತಮುತ್ತ ೨೦೧೦ರ ಸುಮಾರಿಗೆ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಜಮೀನನ್ನು ವಶಪಡಿಸಿಕೊಳ್ಳಲಾಯಿತು. ಕಾರ್ಖಾನೆಗಳು ಏಳಲಿಲ್ಲ, ಬೆಲೆಯೂ ನ್ಯಾಯವಾದದ್ದಲ್ಲವೆಂದು ರೈತರು ೨೦೨೨ರ ಕೊನೆಯಿಂದ ದೀರ್ಘಕಾಲ ಧರಣಿ ಹೂಡಿದರು. ಒಮ್ಮೆ ಕೈಬಿಟ್ಟ ಭೂಮಿ ಮರಳುವುದಿಲ್ಲವೆಂಬ ಪಾಠ ಕಲಿತವರಿಗೆ, ಸೌರ ವಿದ್ಯುತ್ತಿಗಾಗಿ ಭೂಮಿ ಕೇಳುವವರು ಮೊದಲು ಒಡೆತನದ ಮಾತನ್ನು ಸ್ಪಷ್ಟಪಡಿಸಬೇಕು.

ಕುರುಗೋಡಿನಂಥ ಊರಿಗೆ ಬೇಕಾದದ್ದು

ದೊಡ್ಡ ಉದ್ಯಾನಗಳೇ ಎಲ್ಲ ಕಡೆಗೂ ಒಪ್ಪುವುದಿಲ್ಲ. ಕುರುಗೋಡನ್ನು ತೆಗೆದುಕೊಳ್ಳಿ. ಸಿಂದರ ಕಾಲದಿಂದ ಹೆಸರಾದ ಊರು. ದೊಡ್ಡಬಸವೇಶ್ವರನ ದೇವಾಲಯದಿಂದಾಗಿ ಸುತ್ತಲ ಜನರಿಗೆಲ್ಲ ಪರಿಚಿತ. ೨೦೧೮ರಲ್ಲಿ ಇದು ತಾಲ್ಲೂಕು ಕೇಂದ್ರವಾಯಿತು. ಒಂದು ಕಡೆ ಕಾಲುವೆಯ ನೀರುಂಡ ಗದ್ದೆ, ಇನ್ನೊಂದು ಕಡೆ ಬರಿಯ ಬಂಡೆಯ ಬೆಟ್ಟ, ಅದರ ಬುಡದಲ್ಲಿ ಮಳೆಯನ್ನೇ ನಂಬಿದ ಹೊಲ. ಗದ್ದೆಯಲ್ಲಿ ಫಲಕ ನೆಟ್ಟರೆ ಅನ್ನಕ್ಕೆ ಸಂಚಕಾರ. ಆದರೆ ಬೆಟ್ಟದ ಬುಡದ ಬಂಜರಿನಲ್ಲಿ, ವಿದ್ಯುತ್ ಉಪಕೇಂದ್ರಕ್ಕೆ ಹತ್ತಿರವಾಗಿ, ಐದೈದು ಎಕರೆಯ ಸಣ್ಣ ಸ್ಥಾವರಗಳನ್ನು ಕಟ್ಟಬಹುದು.

ಇದರ ಲೆಕ್ಕವನ್ನೂ ನೋಡೋಣ. ಒಂದು ಮೆಗಾವ್ಯಾಟ್ ಸ್ಥಾವರಕ್ಕೆ ನಾಲ್ಕೈದು ಎಕರೆ ಬೇಕು. ಅದರಿಂದ ದಿನಕ್ಕೆ ಸುಮಾರು ನಾಲ್ಕು ಸಾವಿರ ಯೂನಿಟ್ಟು ಬರುತ್ತದೆ. ಐದು ಅಶ್ವಶಕ್ತಿಯ ಪಂಪು ಏಳು ಗಂಟೆ ನಡೆದರೆ ಖರ್ಚಾಗುವುದು ೩೦ ಯೂನಿಟ್ಟಿನ ಒಳಗೆ ಅಥವಾ ಅದರ ಆಸುಪಾಸು. ಆದ್ದರಿಂದ ಐದು ಎಕರೆ ಬಂಜರು ನೂರಕ್ಕೂ ಮಿಕ್ಕ ಪಂಪುಗಳನ್ನು ಹಗಲುಹೊತ್ತಿನಲ್ಲೇ ನಡೆಸಬಲ್ಲದು. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಒಂದು ಭಾಗ ಇದೇ ತತ್ವದ ಮೇಲೆ ನಿಂತಿದೆ: ಪಂಪುಗಳಿಗೆ ವಿದ್ಯುತ್ತು ಒದಗಿಸುವ ಮಾರ್ಗಕ್ಕೇ ಸಮೀಪದಲ್ಲಿ ಸೌರಸ್ಥಾವರವನ್ನು ಜೋಡಿಸುವುದು. ಕರ್ನಾಟಕದಲ್ಲಿ ೨೦೨೫ರ ಜೂನ್ ತಿಂಗಳಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇದಕ್ಕೆ ಚಾಲನೆ ದೊರೆಯಿತು.

ಇದರಿಂದಾಗುವ ಪ್ರಯೋಜನಗಳು ಎರಡು. ಮೊದಲನೆಯದು, ದೂರದ ತಂತಿಗಳಲ್ಲಿ ಸೋರಿಹೋಗುವ ಶಕ್ತಿ ಉಳಿಯುತ್ತದೆ. ಎರಡನೆಯದು ಇನ್ನೂ ದೊಡ್ಡದು. ಹಳ್ಳಿಗಳಲ್ಲಿ ಪಂಪಿನ ವಿದ್ಯುತ್ತು ನಡುರಾತ್ರಿ ಬಂದರೆ ರೈತನು ಬ್ಯಾಟರಿ ಹಿಡಿದು ಗದ್ದೆಗೆ ಹೋಗಬೇಕು. ಬದುವಿನ ಮೇಲೆ ಹಾವಿದೆಯೋ, ನೀರಿನಲ್ಲಿ ಹರಿದ ತಂತಿಯಿದೆಯೋ ದೇವರಿಗೇ ಗೊತ್ತು. ಅವನು ಮರಳುವವರೆಗೆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಹಗಲಿನಲ್ಲಿ ನೀರು ಕಟ್ಟಲು ಸಾಧ್ಯವಾಗುವುದೆಂದರೆ ಆ ಮನೆಗಳಿಗೆ ನೆಮ್ಮದಿಯ ರಾತ್ರಿ ದೊರೆತಂತೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ೨೦೦೮ರಿಂದ ವಿದ್ಯುತ್ತು ಉಚಿತ. ಬಿಸಿಲೂ ಉಚಿತ, ವಿದ್ಯುತ್ತೂ ಉಚಿತ ಎಂದಾದರೆ ಕೊಳವೆಬಾವಿಯ ನೀರು ಬತ್ತುವವರೆಗೆ ಪಂಪು ನಿಲ್ಲದು. ಸೂರ್ಯನು ನಾಳೆಯೂ ಉದಯಿಸುತ್ತಾನೆ. ಅಂತರ್ಜಲಕ್ಕೆ ಅಂಥ ಭರವಸೆಯಿಲ್ಲ.

ಸಿರುಗುಪ್ಪದ ಹೊಟ್ಟು

ಸಿರುಗುಪ್ಪಕ್ಕೆ ಇನ್ನೊಂದು ಸಂಪತ್ತಿದೆ. ಅದು ಅಕ್ಕಿ ಗಿರಣಿಗಳ ಹಿಂದೆ ಗುಡ್ಡೆಗುಡ್ಡೆಯಾಗಿ ಬೀಳುವ ಬತ್ತದ ಹೊಟ್ಟು. ಬತ್ತದ ತೂಕದಲ್ಲಿ ಐದನೆಯ ಒಂದು ಪಾಲು ಹೊಟ್ಟೇ. ದಿನಕ್ಕೆ ನೂರು ಟನ್ನು ಬತ್ತ ಅರೆಯುವ ಗಿರಣಿಯಲ್ಲಿ ಇಪ್ಪತ್ತು ಟನ್ನು ಹೊಟ್ಟು ಬರುತ್ತದೆ. ಒಂದೂವರೆ ಕಿಲೋಗ್ರಾಂ ಹೊಟ್ಟಿನಿಂದ ಸುಮಾರು ಒಂದು ಯೂನಿಟ್ಟು ಎಂದಿಟ್ಟುಕೊಂಡರೆ ಇಪ್ಪತ್ತು ಟನ್ನಿನಿಂದ ೧೩ ಸಾವಿರ ಯೂನಿಟ್ಟು. ಸಾಮಾನ್ಯವಾಗಿ ಗಿರಣಿಯ ಯಂತ್ರಗಳಿಗೆ ಬೇಕಾಗುವುದು ಇದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಊರಿಗೆ ಬೆಳಕಾಗಬಹುದು.

ಇದು ಬರಿಯ ಕನಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ೧೯೮೮ರಷ್ಟು ಹಿಂದೆಯೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ತೆಗೆದು, ಆ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಹಿಟ್ಟಿನ ಗಿರಣಿಯನ್ನೂ ಒದಗಿಸಿ ತೋರಿಸಿದರು. ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆಯ ತಮ್ಕುಹಾ ಎಂಬ ಹಳ್ಳಿಯಲ್ಲಿ ೨೦೦೭ರಲ್ಲಿ ಬತ್ತದ ಹೊಟ್ಟಿನಿಂದಲೇ ದೀಪಗಳು ಹೊತ್ತಿದವು.

ತೊಂದರೆ ಎಲ್ಲಿದೆಯೆಂದರೆ ಹೊಟ್ಟಿನ ಬೆಲೆಯಲ್ಲಿ. ಯಾರಿಗೂ ಬೇಡವಾಗಿದ್ದಾಗ ಅದು ಕಸ. ನಾಲ್ವರು ಕೊಳ್ಳಲು ಬಂದೊಡನೆ ಸರಕು. ಕುಚ್ಚಲಕ್ಕಿ ಗಿರಣಿಯ ಬಾಯ್ಲರು, ಇಟ್ಟಿಗೆಯ ಗೂಡು, ಕಾರ್ಖಾನೆಯ ಕುಲುಮೆ ಎಲ್ಲವೂ ಅದನ್ನು ಬಯಸುತ್ತವೆ. ಬರದ ವರ್ಷ ಬತ್ತವಿಲ್ಲದಿದ್ದರೆ ಹೊಟ್ಟೂ ಇಲ್ಲ. ಆದ್ದರಿಂದ ಹೊಟ್ಟನ್ನು ದೂರಕ್ಕೆ ಸಾಗಿಸಿ ಭಾರಿ ಸ್ಥಾವರ ನಡೆಸುವುದಕ್ಕಿಂತ, ಗಿರಣಿಯ ಅಂಗಳದಲ್ಲೇ ಸುಟ್ಟು, ಬಂದ ಹಬೆಯಿಂದ ಮೊದಲು ವಿದ್ಯುತ್ತನ್ನೂ ಅನಂತರ ಅದೇ ಹಬೆಯಿಂದ ಬತ್ತ ಬೇಯಿಸುವ ಕೆಲಸವನ್ನೂ ಮಾಡಿಕೊಳ್ಳುವುದು ಜಾಣತನ. ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಸಿಲಿಕಾ ಇರುವುದರಿಂದ ಅದಕ್ಕೂ ಸಿಮೆಂಟಿನವರಲ್ಲಿ ಉಪಯೋಗವಿದೆ. ಹಾಗೆಯೇ ಗಾಳಿಗೆ ಬಿಟ್ಟರೆ ಊರವರ ಕಣ್ಣಿಗೂ ಎದೆಗೂ ಕಂಟಕ.

ಶಕ್ತಿಯ ಪಂಚಾಂಗ

ಸೌರವಿದ್ಯುತ್ತಿನ ಮೇಲೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಸೂರ್ಯ ಮುಳುಗಿದ ಮೇಲೆಯೇ ಅಲ್ಲವೆ ದೀಪ ಬೇಕಾಗುವುದು? ರಾಜ್ಯದಲ್ಲಿ ಈಗಾಗಲೇ ಎಂಟು ಸಾವಿರ ಮೆಗಾವ್ಯಾಟಿಗೂ ಮೀರಿದ ಸೌರಸ್ಥಾವರಗಳಿವೆ. ಮಧ್ಯಾಹ್ನ ವಿದ್ಯುತ್ತು ಹೇರಳವಾಗಿದ್ದು, ಸಂಜೆ ಮನೆಮನೆಯಲ್ಲೂ ದೀಪ, ಫ್ಯಾನು, ಅಡಿಗೆಮನೆಯ ಯಂತ್ರಗಳು ಒಮ್ಮೆಲೇ ಹೊರಳಿದಾಗ ಕೊರತೆ ಕಾಣಿಸಿಕೊಳ್ಳುತ್ತದೆ. ಇಂದಿನ ಅಭಾವವು ಮೊತ್ತದ್ದೆನ್ನುವುದಕ್ಕಿಂತ ಹೊತ್ತಿನದು ಎಂದರೆ ಹೆಚ್ಚು ಸರಿ.

ಇದಕ್ಕೆ ಪ್ರಕೃತಿಯೇ ಅರ್ಧ ಉತ್ತರ ಕೊಟ್ಟಿದೆ. ಫೆಬ್ರವರಿಯಿಂದ ಮೇ ವರೆಗೆ ಬಿಸಿಲು. ಜೂನಿನಿಂದ ಸೆಪ್ಟೆಂಬರವರೆಗೆ ಮೋಡ ಕವಿದರೆ ಸಂಡೂರು, ಹೊಸಪೇಟೆಗಳ ಗುಡ್ಡದ ಸಾಲುಗಳ ಮೇಲೆ ಗಾಳಿ. ಆ ಗಾಳಿ ರಾತ್ರಿಯೂ ನಿಲ್ಲದು. ಸುಗ್ಗಿಯ ನಂತರ ಹೊಟ್ಟು, ಹತ್ತಿಕಡ್ಡಿ. ಜಲಾಶಯ ತುಂಬಿದ ತಿಂಗಳುಗಳಲ್ಲಿ ನೀರು. ಒಂದು ಸೋತಾಗ ಇನ್ನೊಂದು ಗೆಲ್ಲುವ ಈ ಪಂಚಾಂಗವನ್ನು ಅರಿತು ಹೊಂದಿಸಿಕೊಳ್ಳುವುದು ಮನುಷ್ಯನ ಕೆಲಸ. ಹಗಲಿನ ಹೆಚ್ಚುವರಿಯನ್ನು ಸಂಜೆಗೆ ಕಾದಿಡಲು ಭಾರಿ ಬ್ಯಾಟರಿಗಳಿವೆ; ಕೆಳಗಿನ ಕೆರೆಯ ನೀರನ್ನು ಹಗಲಿನಲ್ಲಿ ಮೇಲಿನ ಕೆರೆಗೆ ಎತ್ತಿ ಸಂಜೆ ಇಳಿಸುವ ವಿಧಾನವೂ ಇದೆ. ಆಂಧ್ರದ ಪಿನ್ನಾಪುರಂನಲ್ಲಿ ಈ ಎರಡನೆಯ ವಿಧಾನದ ಭಾರಿ ಸ್ಥಾವರ ಎದ್ದಿದೆ. ಆದರೆ ಕಾದಿಡುವುದಕ್ಕೂ ಖರ್ಚಿದೆ. ಹಗಲಿನಲ್ಲಿ ಮಾಡಬಹುದಾದ ಕೆಲಸವನ್ನು ಹಗಲಿಗೇ ತರುವುದು ಎಲ್ಲಕ್ಕಿಂತ ಅಗ್ಗ. ಪಂಪುಗಳ ವಿಚಾರದಲ್ಲಿ ಹೇಳಿದ್ದು ಇದನ್ನೇ.

ನಗರದ ಮಾಳಿಗೆಗಳು

ಬಳ್ಳಾರಿ ನಗರದವರೂ ಈ ಕೆಲಸದಲ್ಲಿ ಭಾಗಿಗಳಾಗಬಹುದು. ಬಳ್ಳಾರಿಯ ಜೀನ್ಸ್ ಬಟ್ಟೆ ದೇಶದಲ್ಲೆಲ್ಲ ಹೆಸರಾಗಿದೆ. ಕೌಲ್ ಬಜಾರಿನ ಓಣಿಗಳಲ್ಲಿ ಮನೆಮನೆಯಲ್ಲೂ ಹೊಲಿಗೆಯ ಯಂತ್ರಗಳ ಸದ್ದು ಕೇಳುತ್ತದೆ. ಒಂದು ಗಂಟೆ ವಿದ್ಯುತ್ತು ಹೋದರೆ ತುಂಡಿಗಿಷ್ಟೆಂದು ಕೂಲಿ ಪಡೆಯುವ ಹೆಣ್ಣುಮಕ್ಕಳಿಗೆ ಆ ಗಂಟೆಯ ಗಳಿಕೆ ಖೋತಾ. ಹಗಲುಹೊತ್ತಿನ ಈ ಉದ್ಯೋಗಕ್ಕೆ ಮಾಳಿಗೆಯ ಮೇಲಿನ ಬಿಸಿಲು ಹೇಳಿಮಾಡಿಸಿದಂತಿದೆ. ಹರೀಶ್ ಹಂದೆಯವರು ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯು, ಬಡವರಿಗೆ ಬ್ಯಾಂಕಿನ ಸಾಲ ಕೊಡಿಸಿ, ಗಳಿಕೆಗೆ ತಕ್ಕ ಕ್ರಮದಲ್ಲಿ ಕಂತು ಕಟ್ಟಿಸಿದರೆ ಸೌರದೀಪ ಅವರಿಗೂ ಎಟುಕುವುದೆಂದು ತೋರಿಸಿಕೊಟ್ಟಿತು. ಅವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಸಾಧನೆಗಾಗಿಯೇ.

ಸ್ವಂತ ಮನೆಯುಳ್ಳವರಿಗೆ ೨೦೨೪ರ ಫೆಬ್ರವರಿಯಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ ೭೮ ಸಾವಿರ ರೂಪಾಯಿಗಳ ಸಹಾಯಧನವಿದೆ. ದಿನಕ್ಕೆ ಹನ್ನೆರಡು ಯೂನಿಟ್ಟಿನಷ್ಟು ಬರುವ ಈ ಏರ್ಪಾಟು ಮಧ್ಯಮವರ್ಗದ ಸಂಸಾರಕ್ಕೆ ಸಾಕು. ೨೦೨೩ರಿಂದ ಗೃಹಜ್ಯೋತಿ ಯೋಜನೆಯಡಿ ಇನ್ನೂರು ಯೂನಿಟ್ಟಿನವರೆಗೆ ಬಿಲ್ಲೇ ಬಾರದಿರುವಾಗ ಈ ಉಪದ್ವ್ಯಾಪ ಯಾಕೆ ಎಂದು ಯಜಮಾನರು ಕೇಳುವುದು ಸಹಜ. ಬಿಲ್ಲು ಬಾರದಿದ್ದರೂ ಆ ವಿದ್ಯುತ್ತಿನ ಬೆಲೆಯನ್ನು ಯಾರೋ ತೆರುತ್ತಲೇ ಇರುತ್ತಾರೆ. ಅದೂ ಅಲ್ಲದೆ, ನಮ್ಮ ಮಾಳಿಗೆಯಿಂದ ಮಾರ್ಗಕ್ಕೆ ಸೇರಿದ ಒಂದೊಂದು ಯೂನಿಟ್ಟೂ ಕುಡಿತಿನಿಯಲ್ಲಿ ಅಷ್ಟು ಕಲ್ಲಿದ್ದಲನ್ನು ಉಳಿಸುತ್ತದೆ.

ಈ ಸಂದರ್ಭದಲ್ಲಿ ಕನ್ನಡ ನಾಡಿನ ವಿಜ್ಞಾನಿ ಅಮೂಲ್ಯ ರೆಡ್ಡಿಯವರನ್ನು ನೆನೆಯಬೇಕು. ೧೯೭೪ರಲ್ಲಿ ‘ಅಸ್ತ್ರ’ ಕೇಂದ್ರದ ಹುಟ್ಟಿಗೆ ಕಾರಣರಾದ ಅವರು ೨೦೦೬ರಲ್ಲಿ ತೀರಿಕೊಂಡರು. ಎಷ್ಟು ಮೆಗಾವ್ಯಾಟ್ ಕಟ್ಟಬೇಕೆಂಬ ಪ್ರಶ್ನೆಯಿಂದ ಆರಂಭಿಸದೆ, ಜನರಿಗೆ ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಶಕ್ತಿ ಬೇಕೆಂಬುದರಿಂದ ಆರಂಭಿಸಬೇಕೆಂಬುದು ಅವರ ವಿಚಾರದ ತಿರುಳು. ಕರ್ನಾಟಕದ ವಿದ್ಯುತ್ ಯೋಜನೆಗಳನ್ನು ಅವರು ಈ ದೃಷ್ಟಿಯಿಂದಲೇ ಪರಿಶೀಲಿಸಿ, ಮಿತವ್ಯಯದಿಂದಲೂ ಸ್ಥಳೀಯ ಮೂಲಗಳಿಂದಲೂ ಎಷ್ಟೋ ಭಾರಿ ಸ್ಥಾವರಗಳ ಖರ್ಚು ತಪ್ಪಿಸಬಹುದೆಂದು ವಾದಿಸಿದರು.

ಆ ದೃಷ್ಟಿಯಿಂದ ನೋಡಿದರೆ ಸಿರುಗುಪ್ಪಕ್ಕೆ ಬೇಕಾದದ್ದು ಹಗಲಿನ ಏಳು ಗಂಟೆ. ಕುರುಗೋಡಿಗೆ ಬೇಕಾದದ್ದು ತನ್ನ ಬಂಜರಿನ ಮೇಲೆ ತನ್ನದೇ ಒಡೆತನ. ಬಳ್ಳಾರಿಯ ಓಣಿಗೆ ಬೇಕಾದದ್ದು ನಡುಹಗಲಿನಲ್ಲಿ ನಿಲ್ಲದ ಹೊಲಿಗೆಯಂತ್ರ. ಕಲ್ಲಿದ್ದಲಿನ ಸ್ಥಾವರವನ್ನು ನಾಳೆಯೇ ಮುಚ್ಚಲಾಗದು. ೨೦೨೪ರ ಮಾರ್ಚಿಯಲ್ಲೇ ರಾಜ್ಯದ ಬೇಡಿಕೆ ಹದಿನೇಳು ಸಾವಿರ ಮೆಗಾವ್ಯಾಟನ್ನು ದಾಟಿತ್ತು. ಆದರೆ ಮುಂದಿನ ಬರ ಬರುವ ಮುನ್ನ ಕಾಲುವೆಯ ಕೊನೆಯ ಹಳ್ಳಿಗಳ ಪಂಪುಗಳನ್ನಾದರೂ ಬಿಸಿಲಿಗೆ ಜೋಡಿಸಿಬಿಟ್ಟರೆ, ಜಲಾಶಯ ತುಂಬದ ವರ್ಷದಲ್ಲೂ ಅಲ್ಲಿಯ ರೈತನು ವಿದ್ಯುತ್ತಿಗಾಗಿ ಬೀದಿಗಿಳಿಯಬೇಕಾಗದು. ಮಳೆ ಹೋದ ವರ್ಷವೇ ಬಿಸಿಲು ಹೆಚ್ಚು ಎಂಬುದನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.